ಹೊಸ ಮೀನಿನ ತೊಟ್ಟಿ: ಶುಚಿ ಮತ್ತು ಪಾಲನೆ (ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು)

ಮನೆಯೊಳಗೆ ಗಾಜಿನ ತೊಟ್ಟಿಯಲ್ಲಿ ಅಂದಕ್ಕಾಗಿ ಮೀನು ಸಾಕುವ ವ್ಯವಸ್ಥೆಗೆ ಅಕ್ವೇರಿಯಂ ಎಂದು ಹೆಸರು. ಆಡುಮಾತಿನಲ್ಲಿ ಮೀನಿನ ತೊಟ್ಟಿ ಅಥವಾ ಫಿಶ್ ಟ್ಯಾಂಕ್. ಹೊಸದಾಗಿ ಇಟ್ಟ ತೊಟ್ಟಿಯ ನೀರು ಹದಕ್ಕೆ ಬರಲು ಸುಮಾರು ಒಂದೂವರೆ ತಿಂಗಳು ಬೇಕು. ಮೀನುಗಳು ಹೆಚ್ಚಾಗಿ ಸಾಯುವುದೂ ಈ ಅವಧಿಯಲ್ಲೇ. ಕೊಳೆಯಿಂದ ಸತ್ತವೆಂದು ಭಾವಿಸಿ ತೊಟ್ಟಿಯನ್ನು ಬರಿದು ಮಾಡಿ, ಕಲ್ಲು, ಸ್ಪಾಂಜು, ಗಾಜು ಎಲ್ಲವನ್ನೂ ತಿಕ್ಕಿ ತೊಳೆದು, ಹೊಸ ನೀರು ತುಂಬಿ, ಹೊಸ ಮೀನು ತಂದು ಬಿಡುವುದು ವಾಡಿಕೆ. ಹಾಗೆ ಮಾಡಿದಾಗ ಅಷ್ಟಿಷ್ಟು ಕೂಡಿಬಂದಿದ್ದ ಹದವೂ ಕೆಟ್ಟು, ಎರಡನೆಯ ಸಲ ತಂದ ಮೀನುಗಳೂ ಉಳಿಯುವುದಿಲ್ಲ. ಹೊಸ ತೊಟ್ಟಿಯ ಪಾಲನೆ ಎಂದರೆ ಮುಖ್ಯವಾಗಿ ನೀರಿನ ಪಾಲನೆ. ಆದ್ದರಿಂದ ಆ ನೀರು ಎಲ್ಲಿಂದ ಬಂತು ಎಂಬುದು ತೊಟ್ಟಿ ಎಷ್ಟು ದೊಡ್ಡದು, ಮೀನು ಯಾವ ಜಾತಿಯದು ಎಂಬುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ.

ದಾವಣಗೆರೆ ಜಿಲ್ಲೆ 1997ರ ಆಗಸ್ಟ್ 15ರಂದು ರೂಪುಗೊಂಡಾಗ ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಅದಕ್ಕೆ ಸೇರಿದವು. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ಜಿಲ್ಲೆ ಒಂದೇ ಆದರೂ ಈ ನಾಲ್ಕೂ ಕಡೆಯ ನೀರು ಒಂದೇ ಬಗೆಯದಲ್ಲ. ಅಡಿಕೆ ತೋಟದ ಚನ್ನಗಿರಿಯಲ್ಲಿ ನಡೆಯುವ ಕ್ರಮವನ್ನು ಬಯಲುಸೀಮೆಯ ಜಗಳೂರಿನಲ್ಲಿ ಹಾಗೆಯೇ ಅನುಸರಿಸಿದರೆ ಮೀನು ಉಳಿಯುವುದು ಕಷ್ಟ.

ಹಿನ್ನೆಲೆ

ಮೀನನ್ನು ನೋಡುವ ಸಂತೋಷಕ್ಕಾಗಿಯೇ ಸಾಕುವುದು ಚೀನಾದಲ್ಲಿ ಸಾವಿರ ವರ್ಷಕ್ಕೂ ಹಿಂದಿನ ಸಂಗತಿ. ಗೋಲ್ಡ್‌ಫಿಶ್ ಆ ಸಾಕಣೆಯ ಫಲ. ಕನ್ನಡ ನಾಡಿನಲ್ಲಿ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಭಾಗವಿದೆ. ಮೀನಿನ ಜಾತಿಗಳು, ಅವುಗಳಿಗೆ ಹಾಕುವ ಆಹಾರ, ಗಾಳ ಹಾಕುವ ಬಗೆ ಅಲ್ಲಿ ಬರುತ್ತವೆ. ಅದು ಬೇಟೆಯ ವಿನೋದ, ಗಾಜಿನ ತೊಟ್ಟಿಯದಲ್ಲ; ಆದರೂ ಯಾವ ಮೀನಿಗೆ ಏನು ತಿನ್ನಿಸಬೇಕೆಂದು ಬರೆದಿಡುವಷ್ಟು ಗಮನ ಅಂದೇ ಇತ್ತು. ಗಾಜಿನ ತೊಟ್ಟಿಗಳ ಮೊದಲ ಸಾರ್ವಜನಿಕ ಪ್ರದರ್ಶನ 1853ರಲ್ಲಿ ಲಂಡನ್ ಮೃಗಾಲಯದಲ್ಲಿ ತೆರೆಯಿತು. ಮುಂಬಯಿಯ ತಾರಾಪೊರೆವಾಲಾ ಅಕ್ವೇರಿಯಂ 1951ರದು, ಬೆಂಗಳೂರಿನ ಕಬ್ಬನ್ ಪಾರ್ಕಿನ ಸರ್ಕಾರಿ ಮತ್ಸ್ಯಾಲಯ 1983ರದು. ಮಂಗಳೂರಿನಲ್ಲಿ 1969ರಲ್ಲಿ ಮೀನುಗಾರಿಕೆ ಕಾಲೇಜು ಆರಂಭವಾಯಿತು.

ಈ ಭಾಗದ ಜನಕ್ಕೆ ಮೀನನ್ನು ನೋಡುವ, ತಿನ್ನಿಸುವ ರೂಢಿ ಬಂದದ್ದು ಬಹುಶಃ ತುಂಗೆಯ ದಡದಿಂದ. ಶೃಂಗೇರಿಯ ಮೆಟ್ಟಿಲ ಬಳಿ, ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆ ಮತ್ಸ್ಯಧಾಮದಲ್ಲಿ ಹಿಡಿ ಹಿಡಿ ಮಂಡಕ್ಕಿ ಎರಚಿ ಮೀನು ಮುಗಿಬೀಳುವುದನ್ನು ನೋಡಿ ಬಂದವರು ಮನೆಯ ತೊಟ್ಟಿಗೂ ಮಂಡಕ್ಕಿ ಹಾಕುತ್ತಾರೆ. ಅಲ್ಲಿ ತಿಂದುಳಿದದ್ದನ್ನು ಹೊಳೆ ಒಯ್ಯುತ್ತದೆ. 45 ಲೀಟರಿನ ತೊಟ್ಟಿಯಲ್ಲಿ ಅದು ಕಲ್ಲಿನ ಸಂದಿಗೆ ಇಳಿದು ಒಂದೇ ದಿನದಲ್ಲಿ ಕೊಳೆಯುತ್ತದೆ.

ನೀರಿನ ಮೂಲ

ಚನ್ನಗಿರಿ ತಾಲ್ಲೂಕಿನಲ್ಲಿ ಶಾಂತಿಸಾಗರ, ಅಂದರೆ ಸೂಳೆಕೆರೆ ಇದೆ. ಹರಿದ್ರಾ ಹಳ್ಳಕ್ಕೆ ಗುಡ್ಡಗಳ ನಡುವೆ ಏರಿ ಕಟ್ಟಿ 11–12ನೆಯ ಶತಮಾನದಲ್ಲಿ ನಿರ್ಮಿಸಿದ ಈ ಕೆರೆ ದೇಶದ ಹಳೆಯ ದೊಡ್ಡ ಕೆರೆಗಳಲ್ಲೊಂದು. ಇಂದು ಭದ್ರಾ ನಾಲೆಯ ನೀರೂ ಇದಕ್ಕೆ ಸೇರುತ್ತದೆ. ಕುಡಿಯುವ ನೀರು ಇಲ್ಲಿಂದ ಚಿತ್ರದುರ್ಗದವರೆಗೂ ಹೋಗುತ್ತದೆ. ಕೆರೆ, ನಾಲೆಗಳ ನೀರು ಬೋರ್ ನೀರಿಗಿಂತ ಮೆದು, ಹೆಚ್ಚಿನ ಸಾಕುಮೀನುಗಳಿಗೆ ಒಗ್ಗುವಂಥದ್ದು. ನಲ್ಲಿಯಲ್ಲಿ ಬಂದಾಗ ಇದರ ತೊಂದರೆ ಒಂದೇ: ಕ್ಲೋರಿನ್. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು. ಕುಡಿಯುವವರಿಗೆ ರಕ್ಷಣೆಯಾದ ಈ ಪ್ರಮಾಣವೇ ಮೀನಿನ ಕಿವಿರನ್ನು ಸುಡಲು ಸಾಕು. ಹಳ್ಳಿಗಳಲ್ಲಿ ನೀರುಗಂಟಿ ಓವರ್‌ಹೆಡ್ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದ ದಿನ ಪ್ರಮಾಣ ಇನ್ನೂ ಏರಿರುತ್ತದೆ. ನಲ್ಲಿ ತಿರುಗಿಸಿದಾಗ ಮೂಗಿಗೆ ಘಾಟು ಬಡಿದರೆ ಆ ನೀರು ಹಿಡಿಯಬಾರದು. ಬಾಯಗಲದ ಬಕೆಟ್ಟಿನಲ್ಲಿ ನೀರು ತುಂಬಿ, ಮುಚ್ಚಳ ಹಾಕದೆ ಒಂದು ರಾತ್ರಿ ಒಂದು ಹಗಲು ಬಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಏರ್ ಪಂಪಿನ ಕಲ್ಲು ಇಳಿಬಿಟ್ಟರೆ ಇನ್ನೂ ಬೇಗ. ಅಂಗಡಿಯಲ್ಲಿ ಆಂಟಿ ಕ್ಲೋರಿನ್ ಎಂದು ಮಾರುವ ದ್ರಾವಣದಲ್ಲಿ ಸಾಮಾನ್ಯವಾಗಿ ಇರುವುದು ಸೋಡಿಯಂ ಥಯೋಸಲ್ಫೇಟ್. ಅವಸರವಿದ್ದಾಗ ಬಾಟಲಿಯ ಮೇಲಿನ ಪ್ರಮಾಣದಂತೆ ಬಳಸಬಹುದು. ಸಂಪಿನಲ್ಲಿ ನಾಲ್ಕಾರು ದಿನ ನಿಂತ ನೀರಿಗೆ ಅದರ ಗೊಡವೆಯೂ ಬೇಡ.

ಹೊನ್ನಾಳಿ ತುಂಗಭದ್ರೆಯ ದಡದ ಊರು. ತುಂಗೆ, ಭದ್ರೆ ಕೂಡುವ ಕೂಡಲಿ ಇಲ್ಲಿಂದ ಮೇಲಕ್ಕೆ ಶಿವಮೊಗ್ಗ ಜಿಲ್ಲೆಯಲ್ಲಿದೆ. ನ್ಯಾಮತಿ ಹೊಳೆಗೂ ಅರೆಮಲೆನಾಡಿನ ಸೆರಗಿಗೂ ಹತ್ತಿರ. ಹೊಳೆಯ ನೀರು ಬೇಸಗೆಯಲ್ಲಿ ತಿಳಿ, ಮುಂಗಾರು ಹಿಡಿದ ಮೇಲೆ ಮಲೆನಾಡಿನ ಮಣ್ಣು ಹೊತ್ತ ಕೆಂಪು ರಾಡಿ. ಆ ತಿಂಗಳುಗಳಲ್ಲಿ ಶುದ್ಧೀಕರಣ ಘಟಕದಲ್ಲಿ ಆಲಂ, ಅಂದರೆ ಪಟಿಕವೂ ಕ್ಲೋರಿನ್ನೂ ಹೆಚ್ಚು ಬೇಕಾಗುತ್ತವೆ. ನಲ್ಲಿ ನೀರನ್ನು ಒಂದರ ಬದಲು ಎರಡು ದಿನ ನಿಲ್ಲಿಸುವುದು ಒಳ್ಳೆಯದು. ರಾಡಿ ನೀರು ತಿಳಿಯಾಗಲೆಂದು ಮೀನಿರುವ ತೊಟ್ಟಿಗೇ ಪಟಿಕ ಆಡಿಸುವವರಿದ್ದಾರೆ. ಪಟಿಕ ನೀರನ್ನು ಹುಳಿಗೆ ತಿರುಗಿಸುತ್ತದೆ, ಮೆದು ನೀರಿನಲ್ಲಂತೂ ಪಿಎಚ್ ಒಮ್ಮೆಲೇ ಕುಸಿಯುತ್ತದೆ. ಆಡಿಸುವುದಿದ್ದರೆ ಬೇರೆ ಬಕೆಟ್ಟಿನಲ್ಲಿ ಆಡಿಸಿ, ಮೇಲಿನ ತಿಳಿನೀರನ್ನಷ್ಟೇ ಬಸಿದು, ಒಂದು ದಿನ ಗಾಳಿಯಾಡಿಸಿ ಬಳಸಬೇಕು.

ಜಗಳೂರಿನ ಕಥೆ ಬೇರೆ. ಬರಕ್ಕೆ ಹೆಸರಾದ ಈ ತಾಲ್ಲೂಕಿನ ಕೆರೆಗಳಿಗೆ ತುಂಗಭದ್ರೆಯ ನೀರೆತ್ತಿ ತುಂಬಿಸುವ 57 ಕೆರೆಗಳ ಯೋಜನೆ ಬಂದಿದ್ದರೂ ಹಳ್ಳಿಗಳ ಮನೆಬಳಕೆಯ ನೀರು ಬಹುಪಾಲು ಕೊಳವೆಬಾವಿಯದೇ. ಆಳದ ಬೋರ್ ನೀರು ಗಡಸು, ಕ್ಷಾರದ ಕಡೆಗೆ ವಾಲಿದ್ದು. ಕೆಲವೆಡೆ ಫ್ಲೋರೈಡೂ ಇದೆ. ನೆಲದಾಳದಿಂದ ಆಗತಾನೆ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು. ಮೋಟರ್ ಹಾಕಿ ನೇರ ತೊಟ್ಟಿಗೆ ಪೈಪು ಬಿಟ್ಟರೆ ಮೀನು ಮೇಲೆ ಬಂದು ಬಾಯಿ ಬಿಡುವುದು ಇದರಿಂದ. ಕ್ಲೋರಿನ್ ಇರಲಿ ಬಿಡಲಿ, ಬೋರ್ ನೀರನ್ನೂ ಒಂದು ದಿನ ಗಾಳಿಗೆ ಒಡ್ಡಲೇಬೇಕು.

ಗಡಸು ನೀರು ಕೆಟ್ಟ ನೀರೆಂದು ತಿಳಿಯಬೇಕಿಲ್ಲ. ಗಪ್ಪಿ, ಮೋಲಿ, ಪ್ಲಾಟಿ, ಸ್ವೋರ್ಡ್‌ಟೇಲ್ ಮೀನುಗಳಿಗೆ ಇದೇ ಇಷ್ಟ. ನಿಯಾನ್ ಟೆಟ್ರಾ, ಡಿಸ್ಕಸ್ ತಂದು ಈ ನೀರಿನಲ್ಲಿ ಸಾಕುತ್ತೇನೆಂದು ಹಟ ಹಿಡಿಯುವುದು ದುಡ್ಡಿಗೂ ಮೀನಿಗೂ ನಷ್ಟ. ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತಂದ ಆರ್‌ಒ ನೀರನ್ನೇ ಪೂರ್ತಿ ತುಂಬಿಸುವುದು ಇನ್ನೊಂದು ಅತಿ. ಅದರಲ್ಲಿ ಖನಿಜ ತೀರಾ ಕಡಿಮೆ. ಪಿಎಚ್ ನಿಲ್ಲುವುದಿಲ್ಲ, ಗಪ್ಪಿ ಮೋಲಿಗಳು ಸೊರಗುತ್ತವೆ. ಅರ್ಧ ಬೋರ್ ನೀರು, ಅರ್ಧ ಆರ್‌ಒ ನೀರು ಬೆರೆಸಿದರೆ ಹೆಚ್ಚಿನ ಮೀನುಗಳಿಗೆ ಹೊಂದುತ್ತದೆ. ಇನ್ನೊಂದು ಸೂಕ್ಷ್ಮ: ತೊಟ್ಟಿಯಿಂದ ಆವಿಯಾಗುವುದು ಬರೀ ನೀರು, ಲವಣ ಒಳಗೇ ಉಳಿಯುತ್ತದೆ. ಬೇಸಗೆಯಲ್ಲಿ ಇಂಗಿದಷ್ಟಕ್ಕೆ ಬೋರ್ ನೀರನ್ನೇ ಸುರಿಯುತ್ತ ಹೋದರೆ ತೊಟ್ಟಿಯ ನೀರು ತಿಂಗಳಿಂದ ತಿಂಗಳಿಗೆ ಇನ್ನಷ್ಟು ಗಡಸಾಗುತ್ತದೆ. ಇಂಗಿದ ಜಾಗಕ್ಕೆ ಆರ್‌ಒ ನೀರು, ತೆಗೆದು ಬದಲಿಸುವಾಗ ಬೆರಕೆ ನೀರು ಎಂಬುದು ಇಲ್ಲಿಗೆ ತಕ್ಕ ಲೆಕ್ಕ.

ನೀರಿನ ಹದ

ಮೀನು ಕಿವಿರಿನಿಂದ ಅಮೋನಿಯ ಬಿಡುತ್ತದೆ. ಹೇಲು, ಉಳಿದ ಆಹಾರ, ಕೊಳೆತ ಎಲೆ ಎಲ್ಲದರಿಂದಲೂ ಹುಟ್ಟುವುದು ಅಮೋನಿಯವೇ. ಅದನ್ನು ನೈಟ್ರೋಸೋಮೋನಾಸ್ ಮುಂತಾದ ಬ್ಯಾಕ್ಟೀರಿಯಗಳು ನೈಟ್ರೈಟ್ ಆಗಿ, ನೈಟ್ರೋಸ್ಪೈರ ಮುಂತಾದವು ನೈಟ್ರೇಟ್ ಆಗಿ ಬದಲಿಸುತ್ತವೆ. ಅಮೋನಿಯ, ನೈಟ್ರೈಟ್ ಎರಡೂ ವಿಷ. ನೈಟ್ರೇಟ್ ಅಷ್ಟು ಅಪಾಯದ್ದಲ್ಲ, ಗಿಡಗಳಿಗೆ ಗೊಬ್ಬರ. ಈ ಬ್ಯಾಕ್ಟೀರಿಯಗಳು ನೀರಿನಲ್ಲಿ ತೇಲಾಡಿಕೊಂಡಿರುವುದು ಕಡಿಮೆ. ಸ್ಪಾಂಜು, ಕಲ್ಲು, ಗಾಜಿನ ಮೈಗೆ ಅಂಟಿಕೊಂಡು ಬದುಕುತ್ತವೆ, ನಿಧಾನವಾಗಿ ಹೆಚ್ಚುತ್ತವೆ. ಹೊಸ ತೊಟ್ಟಿಯಲ್ಲಿ ಅವು ಬೇಕಾದಷ್ಟು ಬೆಳೆಯಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಮೊದಲು ಅಮೋನಿಯ ಏರುತ್ತದೆ, ಅದು ಇಳಿಯುವಾಗ ನೈಟ್ರೈಟ್ ಏರುತ್ತದೆ, ಅದೂ ಇಳಿದು ನೈಟ್ರೇಟ್ ಕಾಣಿಸಿಕೊಂಡರೆ ಹದ ಬಂತೆಂದು ಅರ್ಥ.

ಅಮೋನಿಯದ ವಿಷ ಪಿಎಚ್‌ಗೆ ತಕ್ಕಂತೆ ಏರಿಳಿಯುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯದ ಸುಮಾರು ಶೇ. 0.6ರಷ್ಟು ಮಾತ್ರ ವಿಷರೂಪದಲ್ಲಿರುತ್ತದೆ. ಪಿಎಚ್ 8ಕ್ಕೆ ಏರಿದರೆ ಅದು ಶೇ. 5ನ್ನು ದಾಟುತ್ತದೆ. ಹೊಳೆನೀರಿನ ಹೊನ್ನಾಳಿಯ ತೊಟ್ಟಿಯಲ್ಲಿ ಮೀನು ತಡೆದುಕೊಂಡ ಅದೇ ಅಮೋನಿಯ ಜಗಳೂರಿನ ಬೋರ್ ನೀರಿನಲ್ಲಿ ಮೀನನ್ನು ಕೊಲ್ಲಬಹುದು. ನಾಲ್ಕು ತಾಲ್ಲೂಕಿಗೂ ಒಂದೇ ಸಲಹೆ ಕೊಡುವ ಅಂಗಡಿಯವರು ಮರೆಯುವ ಮಾತು ಇದು. ಬಯಲುಸೀಮೆಯಲ್ಲಿ ಮೀನನ್ನು ಇನ್ನೂ ಕಡಿಮೆ ಬಿಡಬೇಕು, ಇನ್ನೂ ತಡವಾಗಿ ಬಿಡಬೇಕು.

ಹದವನ್ನು ಬೇಗ ತರುವ ಉಪಾಯವೂ ಇದೆ. ಆರೋಗ್ಯವಾದ ಮೀನುಗಳಿರುವ ಹಳೆಯ ತೊಟ್ಟಿಯ ಸ್ಪಾಂಜಿನ ತುಂಡನ್ನೋ ಹಿಡಿ ಕಲ್ಲನ್ನೋ ಒದ್ದೆಯಾಗಿಯೇ ತಂದು ಹಾಕುವುದು ಹಾಲಿಗೆ ಹೆಪ್ಪು ಹಾಕಿದಂತೆ. ಹಾಗೆ ಸಿಗದಿದ್ದರೆ ಮೀನಿಲ್ಲದ ತೊಟ್ಟಿಗೆ ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕಿ, ಫಿಲ್ಟರ್ ಓಡಿಸುತ್ತ ಕಾಯುವುದು. ಮಕ್ಕಳಿರುವ ಮನೆಯಲ್ಲಿ ಖಾಲಿ ತೊಟ್ಟಿ ಇಟ್ಟುಕೊಂಡು ತಿಂಗಳು ಕಾಯುವುದು ಆಗದ ಮಾತು. ಅಂಥಲ್ಲಿ ಮೂರು ನಾಲ್ಕು ಗಪ್ಪಿಗಳಿಂದ ಆರಂಭಿಸಬಹುದು. ಅಳೆಯಲು ಹನಿ ಹಾಕಿ ಬಣ್ಣ ನೋಡುವ ಕಿಟ್‌ಗಳು ಸಿಗುತ್ತವೆ. ಅಮೋನಿಯ, ನೈಟ್ರೈಟ್, ಪಿಎಚ್ ಈ ಮೂರು ನೋಡಿದರೆ ಸಾಕು. ಮನೆಮನೆಗೂ ಬಂದಿರುವ ಟಿಡಿಎಸ್ ಮೀಟರ್ ಲವಣ ತೋರಿಸುತ್ತದೆಯೇ ಹೊರತು ಅಮೋನಿಯವನ್ನು ಹಿಡಿಯುವುದಿಲ್ಲ.

ತೊಟ್ಟಿ ಇಡುವುದು

ಎರಡು ಅಡಿ ಉದ್ದ, ಒಂದೊಂದು ಅಡಿ ಅಗಲ ಎತ್ತರದ ತೊಟ್ಟಿ ಮನೆಗಳಲ್ಲಿ ಹೆಚ್ಚು ಕಾಣುವಂಥದ್ದು. ಅಂಚಿಗೆ ತುಂಬಿದರೆ ಸುಮಾರು 57 ಲೀಟರ್. ಎರಡು ಇಂಚು ಬಿಟ್ಟು ತುಂಬಿ ಕಲ್ಲಿನ ಜಾಗ ಕಳೆದರೆ 45 ಲೀಟರ್. ಗಾಜು, ಕಲ್ಲು ಸೇರಿ ತೂಕ 60 ಕಿಲೋ ಮುಟ್ಟುವುದರಿಂದ ಟೀಪಾಯಿಯ ಮೇಲಿಡಬಾರದು. ಅಡಿಯಲ್ಲಿ ಥರ್ಮೋಕೋಲ್ ಹಾಳೆ ಹಾಸಬೇಕು. ಬಿಸಿಲು ಬೀಳುವ ಕಿಟಕಿಯ ಪಕ್ಕ ಇಟ್ಟರೆ ನೀರು ಹಸಿರುಗಟ್ಟುತ್ತದೆ. ದುಂಡು ಗಾಜಿನ ಬೋಗುಣಿಯಲ್ಲಿ ಗೋಲ್ಡ್‌ಫಿಶ್ ಸಾಕುವುದು ನೋಡಲು ಚೆಂದ, ಮೀನಿಗೆ ಶಿಕ್ಷೆ: ಗೋಲ್ಡ್‌ಫಿಶ್ ದೊಡ್ಡದಾಗಿ ಬೆಳೆಯುತ್ತದೆ, ಬಹಳ ಹೊಲಸು ಮಾಡುತ್ತದೆ.

ಗಾಜು ಕತ್ತರಿಸುವ ಅಂಗಡಿಯಲ್ಲಿ ಮಾಡಿಸಿದ ತೊಟ್ಟಿಯಾದರೆ ಸಿಲಿಕೋನಿನ ಹುಳಿವಾಸನೆ ಪೂರ್ತಿ ಹೋಗುವವರೆಗೆ ಒಣಗಲು ಬಿಟ್ಟು, ನೀರು ತುಂಬಿ ಒಂದು ದಿನ ಸೋರಿಕೆ ನೋಡಿ, ಆ ನೀರು ಚೆಲ್ಲಬೇಕು. ಸೋಪು, ವಿಮ್, ಫಿನಾಯಿಲ್ ಮುಟ್ಟಿಸಬಾರದು. ಕಲ್ಲುಪ್ಪಿನಲ್ಲಿ ಉಜ್ಜಿ ತೊಳೆದರೆ ಸಾಕು. ಹೊಳೆಯಿಂದ ತಂದ ಕಲ್ಲನ್ನು ಬಕೆಟ್ಟಿಗೆ ಹಾಕಿ ಅಕ್ಕಿ ತೊಳೆದ ಹಾಗೆ ಕೈಯಾಡಿಸಿ ಬಸಿಯಬೇಕು. ಮೊದಲ ನೀರು ಕೆಸರು, ಮುಂದಿನದು ಕಲಗಚ್ಚಿನ ಬಣ್ಣ; ಬಕೆಟ್ಟಿನ ತಳದ ಕಲ್ಲು ನೀರಿನ ಮೂಲಕ ಸ್ಪಷ್ಟವಾಗಿ ಕಾಣುವವರೆಗೂ ಬಿಡಬಾರದು. ಒಂದು ಕಲ್ಲಿನ ಮೇಲೆ ನಿಂಬೆರಸ ಹಿಂಡಿ ನೋಡಿ. ನೊರೆ ಎದ್ದರೆ ಅದರಲ್ಲಿ ಸುಣ್ಣವಿದೆ, ನೀರನ್ನು ಇನ್ನಷ್ಟು ಗಡಸು ಮಾಡುತ್ತದೆ. ಕೆರೆಯಿಂದ ಹಾವಸೆ ಗಿಡ ತರುವುದಾದರೆ ಜಿಗಣೆ, ಬಸವನಹುಳು, ಏರೋಪ್ಲೇನ್ ಚಿಟ್ಟೆಯ ಮರಿಗಳೂ ಜೊತೆಗೆ ಬರುತ್ತವೆ. ಪೊಟ್ಯಾಸಿಯಂ ಪರ್ಮಾಂಗನೇಟಿನ ತಿಳಿ ಗುಲಾಬಿ ನೀರಿನಲ್ಲಿ ಹತ್ತು ನಿಮಿಷ ಅದ್ದಿ ತೊಳೆದು ನೆಡಬೇಕು.

ಅಂಗಡಿಯಿಂದ ತಂದ ಮೀನಿನ ಚೀಲವನ್ನು ಕಾಲು ಗಂಟೆ ತೊಟ್ಟಿಯ ಮೇಲೆ ತೇಲಿಬಿಟ್ಟು, ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪವೇ ಚೀಲಕ್ಕೆ ಸೇರಿಸಿ, ಕೊನೆಗೆ ಬಲೆಯಿಂದ ಮೀನನ್ನಷ್ಟೇ ತೊಟ್ಟಿಗೆ ಬಿಡಬೇಕು. ದಾವಣಗೆರೆ ಅಥವಾ ಶಿವಮೊಗ್ಗದಿಂದ ಬಸ್ಸಿನಲ್ಲಿ ತಂದ ಚೀಲದ ನೀರಿನಲ್ಲಿ ಆಗಲೇ ಹೊಲಸು ಕೂಡಿರುತ್ತದೆ, ಅದನ್ನು ತೊಟ್ಟಿಗೆ ಸುರಿಯಬಾರದು.

ಶುಚಿ ಮಾಡುವ ಕ್ರಮ

ಮೊದಲ ವಾರದಲ್ಲಿ ನೀರು ಹಾಲಿನಂತೆ ಬೆಳ್ಳಗಾಗುವುದುಂಟು. ಅದು ಬ್ಯಾಕ್ಟೀರಿಯಗಳು ಒಮ್ಮೆಲೇ ಹೆಚ್ಚಿದ್ದರಿಂದ. ಆಹಾರ ಕಡಿಮೆ ಮಾಡಿ ಕಾದರೆ ಕೆಲವು ದಿನಗಳಲ್ಲಿ ತಾನಾಗಿ ತಿಳಿಯಾಗುತ್ತದೆ. ‘ನೀರು ಕೆಟ್ಟೈತಿ, ಚೆಲ್ಲಿಬಿಡು’ ಎಂದು ಮನೆಯ ಹಿರಿಯರು ಹೇಳುವುದು ಇದೇ ಹೊತ್ತಿಗೆ. ಚೆಲ್ಲಿದರೆ ಹೊಸ ನೀರು ಮತ್ತೆ ಬೆಳ್ಳಗಾಗುತ್ತದೆ. ಎರಡು ಮೂರು ವಾರದ ಮೇಲೆ ಗಾಜಿಗೂ ಕಲ್ಲಿಗೂ ಕಂದು ಬಣ್ಣದ ನುಣುಪು ಪದರ ಹತ್ತುತ್ತದೆ. ಡಯಾಟಮ್ ಎಂಬ ಈ ಪಾಚಿಯನ್ನು ಸ್ಪಾಂಜಿನಿಂದ ಒರೆಸಿದರೆ ಹೋಗುತ್ತದೆ, ತೊಟ್ಟಿ ಹಳತಾದಂತೆ ಬರುವುದೂ ನಿಲ್ಲುತ್ತದೆ.

ವಾರಕ್ಕೊಮ್ಮೆ ಕಾಲು ಭಾಗದಷ್ಟು ನೀರು ಬದಲಿಸುವುದು ಸಾಮಾನ್ಯ ಕ್ರಮ. 45 ಲೀಟರಿನ ತೊಟ್ಟಿಗೆ ಅದು ಹನ್ನೊಂದು ಲೀಟರ್, ಅಂದರೆ ಒಂದು ಬಕೆಟ್ಟಿಗೂ ಕಡಿಮೆ. ಹದ ಬರುವ ಮೊದಲು ಮೀನಿದ್ದರೆ, ಅಮೋನಿಯ ಅಥವಾ ನೈಟ್ರೈಟ್ ಕಂಡ ದಿನಗಳಲ್ಲಿ ದಿನ ಬಿಟ್ಟು ದಿನ ಇಷ್ಟೇ ನೀರು ಬದಲಿಸಬೇಕು. ಪಾರದರ್ಶಕ ಪೈಪಿನ ಒಂದು ತುದಿಯನ್ನು ಕಲ್ಲಿನೊಳಕ್ಕೆ ಚುಚ್ಚಿ, ಇನ್ನೊಂದನ್ನು ಕೆಳಗಿನ ಬಕೆಟ್ಟಿಗೆ ಇಳಿಸಿ ನೀರು ಎಳೆಯಬೇಕು. ಕಲ್ಲು ಪೈಪಿನಲ್ಲಿ ಗಿರ್ರನೆ ತಿರುಗಿ ಮತ್ತೆ ಕೆಳಗೆ ಬೀಳುತ್ತದೆ, ಹಗುರವಾದ ಹೊಲಸು ಕಂದು ಹೊಗೆಯ ಹಾಗೆ ಮೇಲೇರಿ ಪೈಪಿನಲ್ಲಿ ಹೋಗುತ್ತದೆ. ಒಂದು ವಾರ ತೊಟ್ಟಿಯ ಒಂದು ಬದಿ, ಮುಂದಿನ ವಾರ ಇನ್ನೊಂದು ಬದಿ ಮಾಡಿದರೆ ಬ್ಯಾಕ್ಟೀರಿಯಗಳು ಉಳಿಯುತ್ತವೆ.

ಫಿಲ್ಟರಿನ ಸ್ಪಾಂಜನ್ನು ನಲ್ಲಿಯ ಕೆಳಗೆ ಹಿಡಿದು ಬೆಳ್ಳಗಾಗುವವರೆಗೆ ಹಿಂಡುವುದು ಹೊಸಬರು ಮಾಡುವ ದೊಡ್ಡ ಅನಾಹುತ. ತೊಟ್ಟಿಯಿಂದ ತೆಗೆದ ನೀರಿನ ಬಕೆಟ್ಟಿನಲ್ಲೇ ಅದನ್ನು ಎರಡು ಮೂರು ಸಲ ಅದುಮಿ, ಇನ್ನೂ ಕಂದಾಗಿರುವಾಗಲೇ ಹಿಂದಕ್ಕೆ ಹಾಕಬೇಕು. ಅದೂ ಮೊದಲ ತಿಂಗಳಲ್ಲಿ ಬೇಡ. ಆಮೇಲೆ ನೀರಿನ ಹರಿವು ಕುಗ್ಗಿದಾಗ ಮಾತ್ರ. ಸ್ಪಾಂಜು ತೊಳೆದ ದಿನವೇ ಕಲ್ಲನ್ನೂ ಕೆದಕಬಾರದು. ಬೋರ್ ನೀರಿನ ಮನೆಗಳಲ್ಲಿ ನೀರಿನ ಮಟ್ಟದ ಗುಂಟ ಗಾಜಿಗೆ ಬಿಳಿ ಕರೆ ಕಟ್ಟುತ್ತದೆ. ನೀರು ಇಳಿಸಿದಾಗ ನಿಂಬೆಹೋಳಿನಿಂದ ಉಜ್ಜಿ, ರಸ ಒಳಗೆ ಇಳಿಯುವ ಮೊದಲೇ ಬಟ್ಟೆಯಿಂದ ಒರೆಸಬೇಕು.

ಟ್ಯಾಂಕ್ ಕ್ಲೀನರ್ ಎಂದು ಅಂಗಡಿಯವರು ಜೊತೆಗೆ ಕೊಡುವ ಸಕ್ಕರ್ ಮೀನು ಗಾಜಿನ ಪಾಚಿಯನ್ನು ಚೀಪುತ್ತದೆ, ನಿಜ. ಮೂರಿಂಚಿನ ಮರಿ ಅಡಿಯುದ್ದ ಮೀರಿ ಬೆಳೆಯುವ ಜಾತಿ ಅದು. ತಿಂದದ್ದಕ್ಕಿಂತ ಹೆಚ್ಚು ಹೊಲಸು ಮಾಡುವಂತೆ ಕಾಣುತ್ತದೆ. ಯಾವ ಮೀನೂ ಮನೆಯವರ ಪಾಲಿನ ಕೆಲಸ ಮಾಡಿಕೊಡುವುದಿಲ್ಲ. ಆಹಾರದ ವಿಷಯದಲ್ಲಿ ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಅಳತೆ, ದಿನಕ್ಕೊಂದು ಅಥವಾ ಎರಡು ಹೊತ್ತು. ವಾರದಲ್ಲಿ ಒಂದು ದಿನ ಉಪವಾಸವಿಟ್ಟರೆ ಬೆಳೆದ ಮೀನಿಗೆ ಏನೂ ಆಗುವುದಿಲ್ಲ.

ಬಿಸಿಲು, ಚಳಿ, ಕರೆಂಟು

ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. 25 ಡಿಗ್ರಿಯಲ್ಲಿ ಲೀಟರಿಗೆ 8.3 ಮಿಲಿಗ್ರಾಂ ಕರಗಿದರೆ 35 ಡಿಗ್ರಿಯಲ್ಲಿ 7ಕ್ಕೂ ಕಡಿಮೆ. ಏಪ್ರಿಲ್, ಮೇ ತಿಂಗಳ ಜಗಳೂರಿನ ತಗಡಿನ ಮನೆಯಲ್ಲಿ ತೊಟ್ಟಿ ಈ ಮಟ್ಟ ಮುಟ್ಟಬಹುದು. ಮುಚ್ಚಳ ತೆಗೆದು ಬಲೆ ಹೊದಿಸಿ, ನೀರಿನ ಮೇಲ್ಮೈಗೆ ಟೇಬಲ್ ಫ್ಯಾನ್ ತಿರುಗಿಸಿದರೆ ಒಂದೆರಡು ಡಿಗ್ರಿ ಇಳಿಯುತ್ತದೆ. ಕರೆಂಟು ಹೋದಾಗ ಬ್ಯಾಟರಿಯ ಏರ್ ಪಂಪ್ ಇಲ್ಲದಿದ್ದರೆ ಚೊಂಬಿನಿಂದ ನೀರನ್ನು ಎತ್ತಿ ಅಡಿಯೆತ್ತರದಿಂದ ಹುಯ್ಯುವುದು ಹಳೆಯ, ಕೆಲಸಕ್ಕೆ ಬರುವ ಉಪಾಯ. ಮುಚ್ಚಿದ ಡಬ್ಬಿಯ ಫಿಲ್ಟರ್ ಗಂಟೆಗಟ್ಟಲೆ ನಿಂತಿದ್ದರೆ ಒಳಗಿನ ನೀರು ಕೊಳೆತಿರುತ್ತದೆ. ಅದನ್ನು ಚೆಲ್ಲಿಯೇ ಮತ್ತೆ ಚಾಲು ಮಾಡಬೇಕು. ಗಾಳಿಯ ಮೇಲೆ ನಡೆಯುವ ಸಾದಾ ಸ್ಪಾಂಜ್ ಫಿಲ್ಟರ್ ಈ ಕಾರಣಕ್ಕೆ ನಮ್ಮ ಹಳ್ಳಿಗಳಿಗೆ ಹೆಚ್ಚು ಹೊಂದುತ್ತದೆ, ಬೆಲೆಯೂ ಕಡಿಮೆ.

ಡಿಸೆಂಬರ್, ಜನವರಿಯ ಚಳಿಯಲ್ಲಿ ರಾತ್ರಿ ನೀರು ತಣ್ಣಗಾಗಿ ಹಗಲು ಏರುವಾಗ ಮೈಮೇಲೆ ರವೆ ಉದುರಿಸಿದಂಥ ಬಿಳಿಚುಕ್ಕೆ ರೋಗ ಕಾಣಿಸಿಕೊಳ್ಳುತ್ತದೆ. ಹೀಟರ್ ಇಟ್ಟು ನೀರನ್ನು 28 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲಿಸಿ ಔಷಧಿ ಹಾಕಬೇಕು. ನೈಟ್ರೈಟ್ ಏರಿ ಕಿವಿರು ಕಂದಾದಾಗ ಲೀಟರಿಗೆ ಒಂದು ಗ್ರಾಂ ಕಲ್ಲುಪ್ಪು ಉಪಕಾರಿ; ಉಪ್ಪಿನ ಕ್ಲೋರೈಡ್ ನೈಟ್ರೈಟನ್ನು ಕಿವಿರಿನಿಂದ ಒಳಹೋಗದಂತೆ ತಡೆಯುತ್ತದೆ. ಯಾವ ರೋಗ ಎಂದು ತಿಳಿಯದೆ ನೀಲಿ ಔಷಧಿ ಸುರಿಯುವುದರಿಂದ ಬ್ಯಾಕ್ಟೀರಿಯಗಳಿಗೂ ಪೆಟ್ಟು ಬೀಳಬಹುದು.

ತೊಟ್ಟಿಯ ಹೊರಗೆ

ಬದಲಿಸಿ ತೆಗೆದ ನೀರಿನಲ್ಲಿ ನೈಟ್ರೇಟ್ ಇರುವುದರಿಂದ ಕನಕಾಂಬರ, ದಾಸವಾಳ, ತುಳಸಿಗೆ ಹಾಕಬಹುದು. ಉಪ್ಪು ಅಥವಾ ಔಷಧಿ ಹಾಕಿದ ನೀರಾದರೆ ಗಿಡಕ್ಕೆ ಬೇಡ.

ಬೇಡವಾದ ಮೀನನ್ನು ಕೆರೆಗೋ ಹೊಳೆಗೋ ಬಿಟ್ಟು ಪುಣ್ಯ ಕಟ್ಟಿಕೊಂಡೆವೆಂದು ತಿಳಿಯುವವರು ಬಹಳ. ಸಕ್ಕರ್ ಮೀನು ಹೀಗೆಯೇ ಭಾರತದ ಹಲವು ಕೆರೆ ಹೊಳೆಗಳಲ್ಲಿ ನೆಲೆಯೂರಿ, ಮೀನುಗಾರರ ಬಲೆ ಹರಿಯುತ್ತಿದೆ. ಸೊಳ್ಳೆ ಮರಿ ತಿನ್ನಲೆಂದು 1928ರಲ್ಲಿ ದೇಶಕ್ಕೆ ತಂದ ಗ್ಯಾಂಬೂಸಿಯ ಮೀನು ಸ್ಥಳೀಯ ಸಣ್ಣ ಮೀನುಗಳ ಮೊಟ್ಟೆ ಮರಿಗಳನ್ನೂ ಬಿಡಲಿಲ್ಲ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲಿ ನಿಷೇಧಿಸಿತು. ಸೂಳೆಕೆರೆಯಲ್ಲೂ ತುಂಗಭದ್ರೆಯಲ್ಲೂ ಮೀನು ಹಿಡಿದು ಬದುಕುವ ಕುಟುಂಬಗಳಿವೆ. ಪಶ್ಚಿಮಘಟ್ಟದಿಂದ ಇಳಿದು ಬರುವ ಹೊಳೆಗಳಲ್ಲಿ ಬೇರೆಲ್ಲೂ ಸಿಗದ ಸಣ್ಣ ಮೀನುಗಳಿವೆ. ಹೆಚ್ಚಾದ ಮೀನನ್ನು ಅಂಗಡಿಗೆ ಹಿಂದಿರುಗಿಸಬೇಕು ಅಥವಾ ತೊಟ್ಟಿ ಇಟ್ಟಿರುವ ಇನ್ನೊಬ್ಬರಿಗೆ ಕೊಡಬೇಕು. ಅಂಗಡಿಯವರು ದುಡ್ಡು ಕೊಡದಿದ್ದರೂ ಸಾಮಾನ್ಯವಾಗಿ ಬೇಡವೆನ್ನುವುದಿಲ್ಲ.

ಹವ್ಯಾಸ ಬೆಳೆದು ಮಾರಾಟಕ್ಕೆ ಮರಿ ಮಾಡಬೇಕೆನ್ನುವವರಿಗೆ 2020ರಲ್ಲಿ ಬಂದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಅಲಂಕಾರಿಕ ಮೀನು ಸಾಕಣೆ ಘಟಕಗಳಿಗೆ ಸಹಾಯಧನವಿದೆ: ಸಾಮಾನ್ಯ ವರ್ಗದವರಿಗೆ ಘಟಕ ವೆಚ್ಚದ ಶೇ. 40, ಮಹಿಳೆಯರಿಗೂ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ ಶೇ. 60. ಅರ್ಜಿ ಮೀನುಗಾರಿಕೆ ಇಲಾಖೆಯ ಮೂಲಕ. ಗಡಸು ನೀರಿನ ಊರಿನವರು ಮೋಲಿ, ಗಪ್ಪಿಗಳನ್ನೇ ಆರಿಸಿಕೊಂಡರೆ ನೀರು ಹದ ಮಾಡುವ ಖರ್ಚು ಉಳಿಯುತ್ತದೆ; ಮರಿ ಹಾಕುವ ಈ ಜಾತಿಗಳು ತಿಂಗಳಿಗೊಮ್ಮೆ ಹೆಚ್ಚುಕಡಿಮೆ ತಪ್ಪದೆ ಈಯುತ್ತವೆ.